ಉಭಯ ಕುಶಲೋಪರಿ

ತೀರ್ಥಹಳ್ಳಿಯ ಕಡೆಯ ಒಂದು ಅಡಿಕೆ ತೋಟದ ಮನೆಯಿಂದ ನನ್ನ ಸೋದರಮಾವನವರು ತಿಂಗಳಿಗೊಂದರಂತೆ ಬರೆಯುತ್ತಿದ್ದ ಕಾರ್ಡುಗಳಲ್ಲಿ ಮೊದಲ ನಾಲ್ಕು ಪಂಕ್ತಿಗಳು ಎಂದೂ ಬದಲಾದುದಿಲ್ಲ. ನೆತ್ತಿಯ ಮೇಲೆ ನಟ್ಟನಡುವೆ ‘ಶ್ರೀ’ ಎಂಬ ಒಂದಕ್ಷರ. ಅದರ ಕೆಳಗೆ ‘ಚಿ॥’ ಎಂದು ಮೊದಲುಮಾಡಿ ನನ್ನ ಹೆಸರು ಮತ್ತು ಆಶೀರ್ವಾದ. ಅನಂತರ ‘ಉಭಯ ಕುಶಲೋಪರಿ ಸಾಂಪ್ರತ’. ಅದರ ಬೆನ್ನಿಗೇ ‘ಇಲ್ಲಿ ನಾವಿಬ್ಬರೂ ಕ್ಷೇಮ.’ ಮಳೆ ಹಿಡಿದದ್ದು, ತೋಟಕ್ಕೆ ಕೊಳೆರೋಗ ಬಿದ್ದದ್ದು, ಗೌರಿ ಎಂಬ ಹಸು ಕರು ಹಾಕಿದ್ದು, ಈ ಬಗೆಯ ಲೋಕವಾರ್ತೆಗಳೆಲ್ಲ ಆ ಎರಡು ವಾಕ್ಯಗಳ ಹೊಸ್ತಿಲನ್ನು ದಾಟಿದ ಮೇಲೆಯೇ ಒಳಗೆ ಬರಬೇಕು. ಬಾಲ್ಯದಲ್ಲಿ ನಾನು ‘ಉಭಯ ಕುಶಲೋಪರಿ’ ಎಂಬುದನ್ನು ‘ಶ್ರೀ’ಕಾರದ ಹಾಗೆಯೇ ಅರ್ಥದ ಗೊಡವೆಯಿಲ್ಲದ ಒಂದು ಮಂಗಳಾಕ್ಷರವೆಂದು ತಿಳಿದಿದ್ದೆ. ‘ನೀವೂ ನಾವೂ, ಎರಡೂ ಕಡೆಯವರು ಕುಶಲವಾಗಿರುವಲ್ಲಿ, ಈಗ ಹೇಳಬೇಕಾದ ವಿಷಯವೇನೆಂದರೆ’ ಎಂಬಷ್ಟು ಅಭಿಪ್ರಾಯ ಅದರಲ್ಲಿ ಅಡಗಿದೆಯೆಂದು ಗೊತ್ತಾದದ್ದು ಬಹಳ ತಡವಾಗಿ. ಆ ‘ಉಭಯ’ವೂ ಇಂಗ್ಲಿಷಿನ ‘ಬೋತ್’ ಎಂಬ ಪುಟ್ಟ ಮಾತೂ ಒಂದೇ ಮನೆತನದ ದಾಯಾದಿಗಳೆಂದು ಗೊತ್ತಾದದ್ದು ಇನ್ನೂ ತಡವಾಗಿ.

‘ಬೋತ್’ ಎಂಬ ಮಾತಿನೊಡನೆ ನನಗೆ ಬಿದ್ದ ಮೊದಲ ಜಗಳ ಹೈಸ್ಕೂಲಿನದು. ಮದುವೆಯೊಂದಕ್ಕೆ ನನ್ನ ಅಣ್ಣಂದಿರಿಬ್ಬರೂ ಬರಲಿಲ್ಲವೆಂಬುದನ್ನು ನಾನು ಇಂಗ್ಲಿಷಿನಲ್ಲಿ, ‘ಬೋತ್ ಮೈ ಬ್ರದರ್ಸ್ ಡಿಡ್ ನಾಟ್ ಕಮ್’ ಎಂದು ಬರೆದಿದ್ದೆ. ಮೇಷ್ಟರು ಕೆಂಪು ಶಾಯಿಯಲ್ಲಿ ಗೆರೆಯೆಳೆದು, ‘ಹಾಗಾದರೆ ಒಬ್ಬ ಬಂದನೋ?’ ಎಂದು ಕೇಳಿದರು. ಕನ್ನಡದಲ್ಲಿ ‘ಇಬ್ಬರೂ ಬರಲಿಲ್ಲ’ ಎಂದರೆ ಮನೆಯಲ್ಲಿ ಎರಡು ಎಲೆ ಉಳಿದವೆಂದೇ ಅರ್ಥ. ಅದರಲ್ಲಿ ಶಂಕೆಗೆ ಎಡೆಯಿಲ್ಲ. ಇಂಗ್ಲಿಷಿನಲ್ಲಿಯೋ, ನಿಷೇಧವು ‘ಬೋತ್’ ಎಂಬುದರ ಬಳಿ ಬಂದೊಡನೆ ಅದು ಇಬ್ಬರನ್ನೂ ಅಲ್ಲಗಳೆಯಿತೋ, ಅಥವಾ ಇಬ್ಬರೂ ಎಂಬ ಕೂಡಿಕೆಯನ್ನಷ್ಟೆ ಅಲ್ಲಗಳೆಯಿತೋ ಎಂಬ ಸಂದೇಹ ತಲೆಯೆತ್ತುತ್ತದೆ. ಅದಕ್ಕಾಗಿಯೇ ಆ ಭಾಷೆಯವರು ‘ನೈದರ್’ ಎಂಬ ಬೇರೊಂದು ಪದವನ್ನು ಸಿದ್ಧವಾಗಿಟ್ಟುಕೊಂಡಿದ್ದಾರೆ. ಆ ದಿನ ನಾನು ವ್ಯಾಕರಣದ ತಪ್ಪೆಂದು ತಿದ್ದಿಕೊಂಡು ಸುಮ್ಮನಾದೆ. ಅದು ತತ್ತ್ವಶಾಸ್ತ್ರದ ಒಂದು ಹಳೆಯ ಗಾಯವೆಂದು ಆಗ ತಿಳಿದಿರಲಿಲ್ಲ.

ಈ ‘ಬೋತ್’ ಇಂಗ್ಲೆಂಡಿನ ಮಣ್ಣಿನಲ್ಲಿಯೇ ಮೊಳೆತುದಲ್ಲವೆಂದು ನಿಘಂಟುಕಾರರಲ್ಲಿ ಹೆಚ್ಚಿನವರ ಮತ. ಪ್ರಾಚೀನ ಇಂಗ್ಲಿಷಿನಲ್ಲಿ ಇದೇ ಅರ್ಥಕ್ಕೆ ಪುಲ್ಲಿಂಗದಲ್ಲಿ ‘ಬೇಗೆನ್’, ಸ್ತ್ರೀಲಿಂಗದಲ್ಲಿ ‘ಬಾ’, ನಪುಂಸಕದಲ್ಲಿ ‘ಬೂ’ ಎಂಬ ರೂಪಗಳು ರೂಢಿಯಲ್ಲಿದ್ದುವು. ಕ್ರಿ.ಶ. 9ನೆಯ ಶತಮಾನದಿಂದೀಚೆಗೆ ಹಡಗುಗಳಲ್ಲಿ ಬಂದು ನೆಲೆನಿಂತ ಸ್ಕ್ಯಾಂಡಿನೇವಿಯದ ಜನ ತಮ್ಮ ಕೊಡಲಿಗಳ ಜೊತೆಯಲ್ಲಿ ತಮ್ಮ ಸರ್ವನಾಮಗಳನ್ನೂ ತಂದರು. ‘ಅವರು’ ಎಂಬರ್ಥದ ‘ದೇ’ ಎಂಬುದು ಹೇಗೆ ಅವರಿಂದ ಬಂದಿತೋ ಹಾಗೆಯೇ ಅವರ ‘ಬಾದಿರ್’ ಎಂಬುದು ‘ಬೋತ್’ ಆಗಿ ಉಳಿಯಿತು. ಈ ಪದವನ್ನು ಬಿಡಿಸಿ ನೋಡಿದರೆ ಒಳಗೆ ಎರಡು ತುಂಡುಗಳಿವೆ: ಮೊದಲನೆಯದು ‘ಎರಡೂ’ ಎಂಬರ್ಥದ ‘ಬಾ’, ಎರಡನೆಯದು ‘ಆ’, ‘ಅವು’ ಎಂದು ಬೆರಳುಮಾಡಿ ತೋರಿಸುವ ಸರ್ವನಾಮ, ಎಂದರೆ ನಮ್ಮ ‘ತದ್’ ಶಬ್ದದ ಬಂಧು. ಹೀಗಾಗಿ ‘ಬೋತ್’ ಎಂಬ ಒಂದೇ ಉಸಿರಿನಲ್ಲಿ ‘ಅವೆರಡೂ’ ಎಂಬ ಇಡಿಯ ಮಾತು ಸುತ್ತಿಕೊಂಡಿದೆ.

ಮೊದಲ ತುಂಡಿನ ವಂಶಾವಳಿ ಇನ್ನೂ ಸೊಗಸಾದುದು. ಗಾಥಿಕ್ ಭಾಷೆಯಲ್ಲಿ ‘ಬೈ’, ಜರ್ಮನಿನಲ್ಲಿ ‘ಬೈಡೆ’, ಲ್ಯಾಟಿನಿನಲ್ಲಿ ‘ಆಂಬೋ’, ಗ್ರೀಕಿನಲ್ಲಿ ‘ಆಂಫೋ’, ಸಂಸ್ಕೃತದಲ್ಲಿ ‘ಉಭೌ’. ‘ಭ್ರಾತೃ’ವಿನ ಭಕಾರ ‘ಬ್ರದರ್’ ಎಂಬಲ್ಲಿ ಬಕಾರವಾದ ನಿಯಮವೇ ಇಲ್ಲಿಯೂ ಕೆಲಸ ಮಾಡಿದೆ. ನಮ್ಮ ಶಾಲೆಯ ಪಠ್ಯಪುಸ್ತಕದಲ್ಲಿ ಕಪ್ಪೆಯನ್ನು ‘ಉಭಯಚರ’ವೆಂದು ಕರೆದಿದ್ದರು, ‘ಆಂಫಿಬಿಯನ್’ ಎಂಬುದಕ್ಕೆ ಪ್ರತಿಪದವನ್ನು ಹುಡುಕಿದ ಆ ಅನುವಾದಕರು ‘ಆಂಫಿ’ಗೆ ‘ಉಭಯ’ವನ್ನು ಹೊಂದಿಸುವಾಗ ಸಾವಿರಾರು ವರ್ಷ ಬೇರೆಯಾಗಿದ್ದ ಒಡಹುಟ್ಟಿದವರಿಬ್ಬರನ್ನು ಒಂದು ಕೊಳದ ದಡದಲ್ಲಿ ಭೇಟಿಮಾಡಿಸಿದರು. ಅದು ಅವರಿಗೂ ಗೊತ್ತಿತ್ತೋ ಇಲ್ಲವೋ, ಕಪ್ಪೆಗಂತೂ ಗೊತ್ತಿರಲಾರದು.

ಈ ಎಲ್ಲ ಭಾಷೆಗಳಿಗೂ ಮೂಲವಾದ ಪ್ರಾಚೀನ ಭಾಷೆಯಲ್ಲಿ ಏಕವಚನ ಬಹುವಚನಗಳ ನಡುವೆ ದ್ವಿವಚನವೆಂಬುದೊಂದು ಇದ್ದಿತು. ಸಂಸ್ಕೃತ ಅದನ್ನು ಜತನದಿಂದ ಕಾಪಾಡಿಕೊಂಡು ಬಂದಿತು. ಪ್ರಾಚೀನ ಇಂಗ್ಲಿಷಿನಲ್ಲಿಯೂ ‘ನಾವಿಬ್ಬರು’ ಎಂಬುದಕ್ಕೆ ‘ವಿಟ್’, ‘ನೀವಿಬ್ಬರು’ ಎಂಬುದಕ್ಕೆ ‘ಗಿಟ್’ ಎಂಬ ಸರ್ವನಾಮಗಳಿದ್ದು, ಮುಂದೆ ಅಳಿದುಹೋದುವು. ಮನೆ ಬಿದ್ದುಹೋಗಿ ಹೊಸ್ತಿಲುಗಲ್ಲೊಂದು ಉಳಿಯುವಂತೆ ‘ಬೋತ್’ ಉಳಿದಿದೆ. ಆದುದರಿಂದಲೇ ಅದಕ್ಕೆ ಮೂರರ ಸಹವಾಸ ಸಲ್ಲದು. ಮೂವರಾದರೆ ‘ಆಲ್’ ಎನ್ನಬೇಕು. ಕೋಲ್‌ರಿಜ್ ಕವಿ 1798ರಲ್ಲಿ ಅಚ್ಚಾದ ತನ್ನ ಮುದುಕ ನಾವಿಕನ ಕಥನದಲ್ಲಿ ಮನುಷ್ಯ, ಹಕ್ಕಿ, ಮೃಗ ಈ ಮೂರನ್ನೂ ಒಂದೇ ‘ಬೋತ್’ ಎಂಬ ಕೊಡೆಯಡಿಯಲ್ಲಿ ನಿಲ್ಲಿಸಿದುದುಂಟು. ಕವಿಗೆ ಅಷ್ಟು ಸಲುಗೆ ಇರಲಿ. 1926ರಲ್ಲಿ ಇಂಗ್ಲಿಷ್ ಬಳಕೆಯ ಕೋಶವನ್ನು ಬರೆದ ಫೌಲರ್ ಮಹಾಶಯನು ಇಂಥ ಸಲುಗೆಗಳನ್ನು ಸುಲಭವಾಗಿ ಕ್ಷಮಿಸುವ ಜಾತಿಯವನಲ್ಲ.

ಕನ್ನಡದ ರೀತಿಯೇ ಬೇರೆ. ನಮ್ಮಲ್ಲಿ ‘ಬೋತ್’ ಎಂಬುದಕ್ಕೆ ಪದವಿಲ್ಲ, ಸ್ವರವಿದೆ. ‘ಎರಡು’ ಎಂಬುದನ್ನು ‘ಎರಡೂ’ ಎಂದು ಎಳೆದರೆ ಸಾಕು. ಹಳಗನ್ನಡದಲ್ಲಿ ‘ಎರಡುಂ’, ‘ಇರ್ವರುಂ’. ಇದೇ ಊಕಾರ ಮೂರೂ, ನಾಲ್ಕೂ, ನೂರೂ ಎಂದು ಎಲ್ಲಿಯವರೆಗೆ ಬೇಕಾದರೂ ನಡೆದುಹೋಗುತ್ತದೆ. ಎರಡೆಂಬುದಕ್ಕೆ ನಮ್ಮ ನುಡಿ ವಿಶೇಷ ಮಣೆ ಹಾಕಿದುದಿಲ್ಲ. ಕಚೇರಿಯ ಕನ್ನಡ ಮಾತ್ರ ಈ ಊಕಾರವನ್ನು ನಂಬದೆ ‘ಇಬ್ಬರೂ ಸಹ’ ಎಂದು ಬರೆಯುತ್ತದೆ. ಅದು ದಂಡದ ಮಾತೆಂದು ನಾನು ಬಹುಕಾಲ ನಗುತ್ತಿದ್ದೆ. ಈಗ ಅಷ್ಟು ನಗುವುದಿಲ್ಲ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

‘ಎರಡು’ ಎಂಬುದಕ್ಕೂ ‘ಎರಡೂ’ ಎಂಬುದಕ್ಕೂ ಇರುವ ಅಂತರವನ್ನು ಒಮ್ಮೆ ದಿಟ್ಟಿಸಿ ನೋಡಬೇಕು. ‘ಅಂಗಳದಲ್ಲಿ ಎರಡು ಎತ್ತುಗಳಿವೆ’ ಎಂದವನು ಲೆಕ್ಕ ಹೇಳುತ್ತಿದ್ದಾನೆ. ದಾರಿಹೋಕನೂ ಅದನ್ನು ಹೇಳಬಲ್ಲನು. ‘ಎರಡೂ ಎತ್ತುಗಳು ಮನೆಗೆ ಬಂದುವು’ ಎಂದವನಿಗೆ ಆ ಎತ್ತುಗಳು ಮೊದಲೇ ಗೊತ್ತು. ಅವು ಎರಡೇ ಎಂಬುದು ಗೊತ್ತು. ಒಂದು ಬಂದು ಇನ್ನೊಂದು ಬಾರದಿರಬಹುದಾಗಿದ್ದ ಆತಂಕವೂ ಗೊತ್ತು. ‘ಎರಡು’ ಕಣ್ಣಿಗೆ ಸಂಬಂಧಪಟ್ಟದ್ದು. ‘ಎರಡೂ’ ಎಂಬಲ್ಲಿ ಅವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡವನೊಬ್ಬ ಇದ್ದಾನೆ. ಹಿಡಿದವನಿಲ್ಲದೆ ಉಭಯವಿಲ್ಲ ಎಂಬುದೇ ನನಗೆ ಈ ಪುಟ್ಟ ಪದದಿಂದ ಕಾಣಬಂದ ವಿಚಾರ.

ಸಂಸ್ಕೃತ ವೈಯಾಕರಣರು ಇಲ್ಲಿಯೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅವರಲ್ಲಿ ‘ಉಭ’ವೆಂಬುದೊಂದು, ‘ಉಭಯ’ವೆಂಬುದೊಂದು, ಹೀಗೆ ಎರಡು ಶಬ್ದಗಳಿವೆ. ‘ಉಭ’ ಶಬ್ದ ದ್ವಿವಚನದಲ್ಲಿ ಮಾತ್ರ ನಡೆಯತಕ್ಕದ್ದು. ಅದಕ್ಕೆ ಪ್ರತ್ಯಯ ಹತ್ತಿ ‘ಉಭಯ’ವಾದಾಗ, ಪಾಣಿನಿಯ ಮೇರೆಗೆ, ಎರಡು ಅವಯವಗಳುಳ್ಳ ಒಂದು ಎಂದು ಅರ್ಥವಾಗುತ್ತದೆ. ಈ ‘ಉಭಯ’ಕ್ಕೆ ದ್ವಿವಚನವೇ ಇಲ್ಲವೆಂದು ಕೈಯಟನು ಹೇಳಿದನು, ಇದೆಯೆಂದು ಹರದತ್ತನು ಹೇಳಿದನು, ಭಟ್ಟೋಜಿ ದೀಕ್ಷಿತರು ಸಿದ್ಧಾಂತಕೌಮುದಿಯಲ್ಲಿ ಎರಡೂ ಮತಗಳನ್ನು ಪಕ್ಕಪಕ್ಕದಲ್ಲಿ ಇರಿಸಿದ್ದಾರೆ. ಎರಡು ಎಂಬ ಅರ್ಥವನ್ನೇ ಹೊಟ್ಟೆಯಲ್ಲಿ ಹೊತ್ತ ಶಬ್ದಕ್ಕೆ ಎರಡರ ವಚನವಿಲ್ಲವೆಂಬುದು ಹೊರನೋಟಕ್ಕೆ ವಿಚಿತ್ರವಾಗಿ ಕಂಡರೂ ನನಗೆ ಕೈಯಟನ ಪಕ್ಷವೇ ರುಚಿಸುತ್ತದೆ: ಒಟ್ಟಾಗಿ ಹಿಡಿದ ಮೇಲೆ ಅದು ಒಂದಾಯಿತಲ್ಲವೆ? ಒಂದು ಜೊತೆ ಚಪ್ಪಲಿಯಲ್ಲಿ ಒಂದು ಕಳೆದರೆ ಉಳಿದುದನ್ನು ಯಾರೂ ಅರ್ಧ ಜೊತೆಯೆನ್ನುವುದಿಲ್ಲ.

ಆ ಹಿಡಿತವೆಂಬುದು ಏನು, ಎರಡೆಂಬುದು ನಿಜಕ್ಕೂ ಎಲ್ಲಿರುತ್ತದೆ, ಎಂಬ ಪ್ರಶ್ನೆಯನ್ನು ಮೊದಲು ನನ್ನ ಮುಂದೆ ಇಟ್ಟವರು ಆ ಕಾರ್ಡುಗಳ ಸೋದರಮಾವನವರೇ. ಅವರು ಪ್ರಾಯದಲ್ಲಿ ಒಂದಷ್ಟು ಕಾಲ ತರ್ಕದ ಪಾಠಕ್ಕೆ ಕುಳಿತಿದ್ದವರು. ತೋಟಕ್ಕೆ ಮರಳಿದ ಮೇಲೂ ಆ ಚಟ ಬಿಟ್ಟಿರಲಿಲ್ಲ. ಒಂದು ಬೇಸಗೆಯ ಮಧ್ಯಾಹ್ನ ಜಗಲಿಯ ಮೇಲೆ ಎಲೆಯಡಿಕೆಯ ಹರಿವಾಣದಿಂದ ಎರಡು ಅಡಿಕೆಗಳನ್ನು ತೆಗೆದು ನನ್ನ ಮುಂದೆ ಒಂದು ಗೇಣು ಅಂತರದಲ್ಲಿ ಇಟ್ಟರು.

‘ಇದೊಂದು. ಇದೊಂದು. ಈ ಅಡಿಕೆಯಲ್ಲಿ ಎರಡು ಇದೆಯೇನೋ ಮಾಣಿ?’

‘ಇಲ್ಲ ಮಾವ.’

‘ಅದರಲ್ಲಿ?’

‘ಅದರಲ್ಲೂ ಇಲ್ಲ.’

‘ಇದರಲ್ಲಿಲ್ಲ, ಅದರಲ್ಲಿಲ್ಲ. ಹಾಗಾದರೆ ಎರಡು ಎಂದು ಹೇಳುತ್ತಿಯಲ್ಲ, ಅದು ಎಲ್ಲಿಂದ ಬಂತು?’

ನಾನು ಅಡಿಕೆಗಳನ್ನೇ ನೋಡುತ್ತ ಕುಳಿತೆ. ಒಳಗಿನಿಂದ ಅತ್ತೆಯವರು, ‘ಹುಡುಗನ ತಲೆ ತಿನ್ನುವುದು ಸಾಕು, ಎಲೆ ಹಾಕಿದೆ, ಇಬ್ಬರೂ ಏಳಿ’ ಎಂದರು. ‘ನೋಡು, ಅವಳು ಒಳಗಿಂದಲೇ ನಮ್ಮಿಬ್ಬರನ್ನೂ ಎಣಿಸಿದಳು’ ಎಂದು ನಗುತ್ತ ಮಾವನವರು ಎದ್ದರು. ಊಟವಾದ ಮೇಲೆ ಒಂದಡಿಕೆ ಅವರ ಬಾಯಿಗೆ ಹೋಯಿತು, ಇನ್ನೊಂದು ಅತ್ತೆಯವರ ಬಾಯಿಗೆ; ಪ್ರಶ್ನೆ ಮಾತ್ರ ನನ್ನ ಪಾಲಿಗೆ ಉಳಿಯಿತು.

ಅದಕ್ಕೆ ವೈಶೇಷಿಕರು ಕೊಟ್ಟ ಉತ್ತರ ಇದು. ಪ್ರತಿಯೊಂದು ದ್ರವ್ಯದಲ್ಲಿಯೂ ಏಕತ್ವ ಸಹಜವಾಗಿಯೇ ಇದೆ. ‘ಇದೊಂದು, ಇದೊಂದು’ ಎಂದು ಒಂದು ಬುದ್ಧಿಯು ಎರಡು ಏಕತ್ವಗಳನ್ನು ಒಟ್ಟಿಗೆ ತೆಕ್ಕೆಗೆ ತೆಗೆದುಕೊಂಡಾಗ, ಅಪೇಕ್ಷಾಬುದ್ಧಿಯೆಂದು ಅವರು ಹೆಸರಿಟ್ಟ ಆ ಬುದ್ಧಿಯ ಬಲದಿಂದ, ಅಲ್ಲಿ ದ್ವಿತ್ವವೆಂಬ ಗುಣ ಹುಟ್ಟುತ್ತದೆ. ಅದು ಕೇವಲ ಭ್ರಮೆಯಲ್ಲ, ನಿಜವಾದ ಗುಣವೇ. ಆದರೆ ಅಡಿಕೆಯ ಬಣ್ಣದಂತೆ ಒಂದೊಂದರಲ್ಲಿಯೂ ಬೇರೆಬೇರೆಯಾಗಿ ಇರತಕ್ಕದ್ದಲ್ಲ. ಎರಡರಲ್ಲಿಯೂ ಒಟ್ಟಾಗಿ ಹರಡಿಕೊಂಡು ಇರತಕ್ಕದ್ದು. ಇದಕ್ಕೆ ಅವರ ಪರಿಭಾಷೆಯಲ್ಲಿ ವ್ಯಾಸಜ್ಯವೃತ್ತಿ ಎಂದು ಹೆಸರು. ಆ ಬುದ್ಧಿ ಅಳಿದರೆ ದ್ವಿತ್ವವೂ ಅಳಿಯುತ್ತದೆ. ಕೆಲವೊಮ್ಮೆ ಬುದ್ಧಿ ಇದ್ದಂತೆಯೇ ಆಶ್ರಯವಾದ ದ್ರವ್ಯ ಅಳಿದುದರಿಂದಲೂ ಅದು ಅಳಿಯಬಹುದು. ಪ್ರಶಸ್ತಪಾದರು ಈ ಹುಟ್ಟುಸಾವುಗಳನ್ನು ಕ್ಷಣಕ್ಷಣದ ಲೆಕ್ಕದಲ್ಲಿ ವಿವರಿಸಿದ್ದಾರೆ. ಈ ದ್ವಿತ್ವದ ಪ್ರಕರಣ ಎಷ್ಟು ಕಠಿನವೆಂದರೆ, ಇಲ್ಲಿಯೂ ಇಂಥ ಇನ್ನೆರಡು ಕಡೆಗಳಲ್ಲಿಯೂ ಬುದ್ಧಿ ಎಡವದವನೇ ನಿಜವಾದ ವೈಶೇಷಿಕನೆಂಬ ಹಳೆಯ ಮಾತೊಂದನ್ನು 14ನೆಯ ಶತಮಾನದ ಮಾಧವಾಚಾರ್ಯರ ಸರ್ವದರ್ಶನಸಂಗ್ರಹವು ಕಾಪಾಡಿಟ್ಟಿದೆ.

ಇಲ್ಲಿಗೆ ಇದು ತರ್ಕದ ಕಸರತ್ತು. ಇದು ದೇವರ ಪ್ರಶ್ನೆಯಾಗುವುದು ಪರಮಾಣುಗಳ ಬಳಿಗೆ ಬಂದಾಗ. ವೈಶೇಷಿಕರ ಜಗತ್ತು ಪರಮಾಣುಗಳಿಂದಾದುದು. ಎರಡು ಪರಮಾಣುಗಳು ಕೂಡಿದರೆ ದ್ವ್ಯಣುಕ. ಆ ದ್ವ್ಯಣುಕದ ಪರಿಮಾಣಕ್ಕೆ ಕಾರಣವೇನು? ಪರಮಾಣುವಿನ ಪರಿಮಾಣ ಅದಕ್ಕೆ ಕಾರಣವಾಗದೆಂದೂ, ಪರಮಾಣುಗಳಲ್ಲಿರುವ ದ್ವಿತ್ವಸಂಖ್ಯೆಯೇ ಕಾರಣವೆಂದೂ ಅವರ ಸಿದ್ಧಾಂತ. ಆದರೆ ದ್ವಿತ್ವ ಹುಟ್ಟಬೇಕಾದರೆ ಯಾರಾದರೂ ‘ಇದೊಂದು, ಇದೊಂದು’ ಎಂದು ಅರಿಯಬೇಕಷ್ಟೆ. ಸೃಷ್ಟಿಯ ಆದಿಯಲ್ಲಿ, ಕಣ್ಣುಳ್ಳ ಜೀವಿಯೇ ಹುಟ್ಟದಿದ್ದಾಗ, ಕಣ್ಣಿಗೆ ಎಂದೂ ಕಾಣದ ಪರಮಾಣುಗಳನ್ನು ಎರಡೆಂದು ಅರಿತವರು ಯಾರು? ಉದಯನಾಚಾರ್ಯರು 10ನೆಯ ಶತಮಾನದಲ್ಲಿ ನ್ಯಾಯಕುಸುಮಾಂಜಲಿಯನ್ನು ಬರೆದು ಈಶ್ವರನ ಅಸ್ತಿತ್ವಕ್ಕೆ ಸಾಲುಸಾಲಾಗಿ ಸಾಧನಗಳನ್ನು ಜೋಡಿಸಿದಾಗ ಈ ಸಂಖ್ಯೆಯನ್ನೂ ಒಂದು ಸಾಧನವಾಗಿ ಎತ್ತಿ ಹಿಡಿದರು. ಗಡಿಗೆಯನ್ನು ನೋಡಿ ಕುಂಬಾರನನ್ನು ಊಹಿಸುವ ವಾದವನ್ನು ಎಲ್ಲರೂ ಬಲ್ಲರು. ಅದು ನನ್ನನ್ನು ಅಷ್ಟಾಗಿ ಅಲುಗಿಸಿದುದಿಲ್ಲ. ಆದರೆ ಕತ್ತಲೆಯ ಆ ಮೊದಲ ಗಳಿಗೆಯಲ್ಲಿ ಅಕ್ಕಪಕ್ಕದ ಎರಡು ಕಣಗಳನ್ನು ‘ಇವೆರಡೂ’ ಎಂದು ಅರಿತ ಒಂದು ಚೈತನ್ಯವಿದ್ದಿತು, ಆ ಅರಿವಿನಿಂದಲೇ ಲೋಕಕ್ಕೆ ಗಾತ್ರ ಬಂದಿತು, ಎಂಬ ಈ ಕಲ್ಪನೆಯ ಮುಂದೆ, ಅದರ ತರ್ಕದಲ್ಲಿ ಬಿರುಕುಗಳಿದ್ದರೂ, ನಾನು ತಲೆಬಾಗಿದ್ದೇನೆ. ದೇವರು ಮೊದಲು ಮಾಡಿದ ಕೆಲಸ ಎರಡನ್ನು ಒಟ್ಟಿಗೆ ನೆನೆದದ್ದು.

ಈಗ ‘ಸಹ’ ಶಬ್ದಕ್ಕೆ ಬರುತ್ತೇನೆ. ಈಶಾವಾಸ್ಯೋಪನಿಷತ್ತಿನಲ್ಲಿ ವಿದ್ಯೆ ಅವಿದ್ಯೆಗಳ ಪ್ರಸಂಗ ಪ್ರಸಿದ್ಧವಾದುದು. ಅವಿದ್ಯೆಯೊಂದನ್ನೇ ಹಿಡಿದವರು ಕತ್ತಲೆಯನ್ನು ಹೊಗುತ್ತಾರೆ. ವಿದ್ಯೆಯೊಂದರಲ್ಲೇ ನಿರತರಾದವರು ಅದಕ್ಕಿಂತಲೂ ದೊಡ್ಡ ಕತ್ತಲೆಯನ್ನು ಹೊಗುತ್ತಾರೆ. ಇವೆರಡನ್ನೂ ಒಟ್ಟಿಗೆ ಅರಿತವನು ಒಂದರಿಂದ ಮೃತ್ಯುವನ್ನು ದಾಟಿ ಇನ್ನೊಂದರಿಂದ ಅಮೃತವನ್ನು ಪಡೆಯುತ್ತಾನೆ, ಎಂದು ಅಲ್ಲಿಯ ತಾತ್ಪರ್ಯ. ಆ ಮಂತ್ರದಲ್ಲಿ ‘ಎರಡನ್ನೂ’ ಎಂಬುದಕ್ಕೆ ಬಂದಿರುವ ಶಬ್ದ ಏಕವಚನದ ‘ಉಭಯ’ವೇ. ಪ್ರತ್ಯಯವೇ ಎರಡನ್ನು ಒಂದಾಗಿ ಕಟ್ಟಿಕೊಟ್ಟಿದ್ದರೂ ಋಷಿಗೆ ತೃಪ್ತಿಯಿಲ್ಲ. ಅದರ ಬದಿಗೆ ‘ಸಹ’ ಎಂಬ ಇನ್ನೊಂದು ಗಂಟನ್ನು ಹಾಕಿದನು. ಇಂದು ಇದನ್ನು, ನಾಳೆ ಅದನ್ನು ಎಂದು ಸರದಿಯಲ್ಲಿ ಅರಿತರೆ ಸಾಲದು. ಕಚೇರಿಯ ಗುಮಾಸ್ತನ ‘ಇಬ್ಬರೂ ಸಹ’ ಎಂಬುದನ್ನು ನೋಡಿ ನಾನು ನಗುವುದನ್ನು ಬಿಟ್ಟುದು ಇದರಿಂದ.

ಆ ಗಂಟನ್ನು ಬಿಡಿಸುವುದರಲ್ಲಿಯೇ ಆಚಾರ್ಯರು ಬೇರೆಬೇರೆಯಾದರು. ಶಂಕರರಿಗೆ ಆತ್ಮಜ್ಞಾನಕ್ಕೂ ಕರ್ಮಕ್ಕೂ ಇರುವ ವಿರೋಧ ಪರ್ವತದಂತೆ ಅಲುಗದುದು. ಕರ್ತೃವು ತಾನೆಂಬ ಬುದ್ಧಿ ಒಂದರ ಬುನಾದಿ, ಆ ಬುದ್ಧಿಯ ನಾಶ ಇನ್ನೊಂದರ ಸ್ವರೂಪ. ಇವನ್ನು ಒಬ್ಬನೇ ಒಟ್ಟಿಗೆ ಹಿಡಿಯುವುದು ಹೇಗೆ? ಆದುದರಿಂದ ಇಲ್ಲಿಯ ವಿದ್ಯೆಯು ದೇವತೆಗಳ ಉಪಾಸನೆಯೇ ಹೊರತು ಬ್ರಹ್ಮಜ್ಞಾನವಲ್ಲ, ಅಮೃತವೂ ಸಾಪೇಕ್ಷವಾದ ಅಮೃತವೇ, ಎಂದು ಅವರು ವ್ಯಾಖ್ಯಾನಿಸಿದರು. ರಾಮಾನುಜರ ದಾರಿಯಲ್ಲಿ ಅವಿದ್ಯೆಯೆಂದರೆ ವರ್ಣಾಶ್ರಮಕ್ಕೆ ವಿಹಿತವಾದ ಕರ್ಮ, ವಿದ್ಯೆಯೆಂದರೆ ಭಕ್ತಿರೂಪವಾದ ಬ್ರಹ್ಮೋಪಾಸನೆ. ಕರ್ಮವು ಉಪಾಸನೆಗೆ ಅಂಗವಾಗಿ ನಿಂತು ಎರಡೂ ಕೂಡಿ ನಡೆಯುತ್ತವೆ. ಸಂಸ್ಕೃತ ವೇದವನ್ನೂ ಆಳ್ವಾರರ ತಮಿಳು ಪ್ರಬಂಧಗಳನ್ನೂ ಸಮವಾಗಿ ಹಿಡಿದು ‘ಉಭಯವೇದಾಂತ’ವೆಂದು ಹೆಮ್ಮೆಪಡುವ ಸಂಪ್ರದಾಯಕ್ಕೆ, ಮೇಲುಕೋಟೆಯ ಬೀದಿಯಲ್ಲಿ ಇಂದಿಗೂ ಆ ಎರಡು ಘೋಷಗಳನ್ನು ಕೇಳಬಹುದು, ‘ಉಭಯ’ವೆಂಬ ಮಾತಿನಲ್ಲಿ ಭಯವಿಲ್ಲದಿರುವುದು ಸಹಜ. ಮಧ್ವಾಚಾರ್ಯರು ಇನ್ನೊಂದು ದಿಕ್ಕಿಗೆ ತಿರುಗಿದರು: ಯಥಾರ್ಥಜ್ಞಾನವನ್ನು ಪಡೆಯುವುದೂ ಬೇಕು, ಅಯಥಾರ್ಥವನ್ನು ಖಂಡಿಸುವುದಕ್ಕಾಗಿ ಅದನ್ನು ಅರಿಯುವುದೂ ಬೇಕು, ಸುಳ್ಳನ್ನು ಕಂಡು ಸುಮ್ಮನಿರುವವನ ಕತ್ತಲೆ ಇನ್ನೂ ಗಾಢವಾದುದು. ಇದರಲ್ಲಿ ಯಾವುದು ಮಂತ್ರದ ಹೃದಯವೆಂದು ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಆದರೆ ಯೋಗವಾಸಿಷ್ಠದ ಆರಂಭದಲ್ಲಿ ಜ್ಞಾನಕರ್ಮಗಳನ್ನು ಹಕ್ಕಿಯ ಎರಡು ರೆಕ್ಕೆಗಳಿಗೆ ಹೋಲಿಸಿರುವುದನ್ನು ಓದುವಾಗಲೆಲ್ಲ, ಒಂದು ರೆಕ್ಕೆಯಿಂದ ಅರ್ಧ ದೂರ ಹಾರುವ ಹಕ್ಕಿಯನ್ನು ಯಾರೂ ಕಂಡಿಲ್ಲವೆಂಬುದು ನೆನಪಿಗೆ ಬಂದು, ಮನಸ್ಸು ಸಮುಚ್ಚಯವಾದಿಗಳ ಕಡೆಗೆ ಕೊಂಚ ವಾಲುತ್ತದೆ.

ಜೈನರು ಈ ‘ಸಹ’ದ ಕಷ್ಟವನ್ನು ಎಲ್ಲರಿಗಿಂತ ಸೂಕ್ಷ್ಮವಾಗಿ ಅರಿತವರು. ಸಪ್ತಭಂಗಿಯಲ್ಲಿ ‘ಇದೆ’ ಎಂಬುದು ಮೊದಲನೆಯದು, ‘ಇಲ್ಲ’ ಎಂಬುದು ಎರಡನೆಯದು, ‘ಇದೆ ಮತ್ತು ಇಲ್ಲ’ ಎಂಬುದು ಮೂರನೆಯದು, ‘ಅವಕ್ತವ್ಯ’ ಎಂಬುದು ನಾಲ್ಕನೆಯದು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಭೇದವೇನೆಂದು ಕೇಳಿದರೆ ಸಮಂತಭದ್ರರ ಆಪ್ತಮೀಮಾಂಸೆ ಉತ್ತರ ಕೊಡುತ್ತದೆ: ಎರಡನ್ನೂ ಒಂದಾದ ಮೇಲೊಂದರಂತೆ ವಿವಕ್ಷಿಸಿದರೆ ಮೂರನೆಯ ಭಂಗ, ಎರಡನ್ನೂ ಒಟ್ಟಿಗೇ ಹೇಳಹೊರಟರೆ ಶಬ್ದಕ್ಕೆ ಆ ಶಕ್ತಿಯಿಲ್ಲವಾಗಿ ಅವಕ್ತವ್ಯ. ನಾಲಗೆ ಒಂದೇ, ಅದು ‘ಎರಡೂ’ ಎನ್ನುವಾಗಲೂ ಒಂದಾದ ಮೇಲೊಂದನ್ನೇ ನುಡಿಯಬೇಕು. ಉಪನಿಷತ್ತು ‘ಒಟ್ಟಿಗೆ ಅರಿತವನು’ ಎಂದಿತೇ ಹೊರತು ‘ಒಟ್ಟಿಗೆ ನುಡಿದವನು’ ಎನ್ನಲಿಲ್ಲ. ನಾಗಾರ್ಜುನನಾದರೋ ಇದೆ, ಇಲ್ಲ, ಎರಡೂ, ಎರಡೂ ಅಲ್ಲ ಎಂಬ ನಾಲ್ಕು ಕೋಟಿಗಳನ್ನೂ ನಿರಾಕರಿಸಿದನು. ಹಿಡಿಯುವ ಕೈಯೇ ಶೂನ್ಯವೆಂದವನು ಹಿಡಿದ ಉಭಯವನ್ನು ಉಳಿಸುವುದೆಂತು?

‘ಬೋತ್’ ಎಂಬ ಪದವನ್ನು ನುಡಿಯುವ ಜನರ ಮತದಲ್ಲಿಯೂ ಇದೇ ಗಂಟು ಬಿದ್ದಿದೆಯೆಂಬುದನ್ನು ಮರೆಯಬಾರದು. ಕ್ರಿ.ಶ. 451ರಲ್ಲಿ ಕ್ಯಾಲ್ಸಿಡನ್ ಎಂಬಲ್ಲಿ ನೆರೆದ ಧರ್ಮಸಭೆಯು ಕ್ರಿಸ್ತನು ಪೂರ್ಣವಾಗಿ ದೇವರೂ ಹೌದು, ಪೂರ್ಣವಾಗಿ ಮನುಷ್ಯನೂ ಹೌದು ಎಂದು ನಿರ್ಣಯಿಸಿತು. ಜಗಳವಾದುದು ಒಂದು ವಿಭಕ್ತಿಯಷ್ಟು ಸಣ್ಣ ಮಾತಿನ ಮೇಲೆ: ಆತನು ‘ಎರಡು ಸ್ವಭಾವಗಳಲ್ಲಿ’ ಇದ್ದಾನೆಯೋ, ‘ಎರಡು ಸ್ವಭಾವಗಳಿಂದ’ ಆದವನೋ? ‘ಅಲ್ಲಿ’ ಎಂದವರಿಗೆ ಕೂಡಿದ ಮೇಲೆಯೂ ಎರಡು ಎರಡಾಗಿಯೇ ಉಳಿದುವು. ‘ಇಂದ’ ಎಂದವರಿಗೆ ಕೂಡಿದ ಮೇಲೆ ಒಂದಾದುವು. ಈಜಿಪ್ತಿನ, ಸಿರಿಯದ, ಆರ್ಮೀನಿಯದ ಪ್ರಾಚೀನ ಸಭೆಗಳು ಎರಡನೆಯ ಮಾತನ್ನು ಬಿಡಲೊಲ್ಲದೆ ಬೇರೆಯಾದುವು. ಸಿರಿಯದ ಆ ಪರಂಪರೆಗೆ ಸೇರಿದವರು ನಮ್ಮ ನೆರೆಯ ಕೇರಳದಲ್ಲಿಯೂ ಇದ್ದಾರೆ. ಎರಡು ಪಕ್ಷಗಳೂ ಒಪ್ಪಿಕೊಂಡುದೊಂದಿತ್ತು: ಆ ಎರಡನ್ನು ಹೊತ್ತ ವ್ಯಕ್ತಿ ಒಬ್ಬನೇ.

ನಮ್ಮಲ್ಲಿ ಇಷ್ಟೇ ಕಠಿನವಾದ ಮಾತನ್ನು ಊರ ಕಥೆಯೊಂದು ಎಷ್ಟು ಸಲೀಸಾಗಿ ಹೇಳಿಬಿಡುತ್ತದೆ! ತುಂಗಭದ್ರೆಯ ದಡದ ಹರಿಹರದಲ್ಲಿ, 13ನೆಯ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು ಕಟ್ಟಿಸಿದ ದೇಗುಲಕ್ಕೆ ಸೇರಿದ ಕಥೆ ಅದು. ಗುಹನೆಂಬ ಅಸುರನು ತಪಸ್ಸು ಮಾಡಿ ಬ್ರಹ್ಮನಿಂದ ವರ ಪಡೆದನು: ಹರಿಯಿಂದಲೂ ತನಗೆ ಸಾವಿಲ್ಲ, ಹರನಿಂದಲೂ ಇಲ್ಲ. ಹಿರಣ್ಯಕಶಿಪುವಿನಂತೆ ಹಗಲು ಇರುಳು, ಒಳಗು ಹೊರಗು ಎಂದು ಪಟ್ಟಿ ಬೆಳೆಸುವ ಚಾಪಲ್ಯ ಅವನಿಗಿರಲಿಲ್ಲ. ಎರಡು ಹೆಸರುಗಳಲ್ಲಿ ಲೋಕವೆಲ್ಲ ಮುಗಿಯಿತೆಂದು ನಂಬಿದನು. ವರದ ಮಾತು ನಮ್ಮ ಹೈಸ್ಕೂಲಿನ ವಾಕ್ಯದಂತೆಯೇ ಇದೆಯಷ್ಟೆ! ಅಸುರನು ನಿಷೇಧವನ್ನು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹಚ್ಚಿಕೊಂಡನು. ಇಬ್ಬರೂ ಕೂಡಿದಾಗ ಉಂಟಾಗುವುದರ ಹೆಸರನ್ನು ವರದಲ್ಲಿ ಸೇರಿಸುವುದಕ್ಕೆ ಮರೆತನು. ಇದರಲ್ಲಿಲ್ಲ, ಅದರಲ್ಲಿಲ್ಲ, ಆದರೂ ಎರಡರಲ್ಲಿ ಒಟ್ಟಾಗಿ ಇದೆ, ಎಂಬ ವ್ಯಾಸಜ್ಯವೃತ್ತಿಯೇ ದೇವರಾಗಿ ಬಂದು ಅವನನ್ನು ತುಳಿಯಿತು. ಹರಿಹರ ಮೂರ್ತಿಯ ಲಕ್ಷಣದಲ್ಲಿ ಬಲಭಾಗಕ್ಕೆ ಶಿವನ ಜಟೆ, ಎಡಭಾಗಕ್ಕೆ ವಿಷ್ಣುವಿನ ಕಿರೀಟ. ಹಣೆಯ ನಡುವೆ ಇವೆರಡೂ ಸಂಧಿಸುವ ಗೆರೆ ಯಾರದೆಂದು ಶಿಲ್ಪಿಯನ್ನು ಕೇಳಿದರೆ ಅವನು ಏನು ಹೇಳುತ್ತಿದ್ದನೋ. ಅವನ ಉಳಿಗೆ ಆ ಸಂದೇಹ ಬಂದಂತೆ ಕಾಣುವುದಿಲ್ಲ.

ಒಂದು ಮಾರ್ಗಶಿರದಲ್ಲಿ ಅತ್ತೆಯವರು ತೀರಿಕೊಂಡರು. ಕಾರ್ಯಗಳೆಲ್ಲ ಮುಗಿದು ನಾನು ಊರಿಗೆ ಮರಳಿದ ಮೇಲೆ ಮಾವನವರ ಕಾರ್ಡು ಬಂದಿತು. ಮೇಲೆ ಶ್ರೀಕಾರ, ಕೆಳಗೆ ಆಶೀರ್ವಾದ, ಉಭಯ ಕುಶಲೋಪರಿ ಸಾಂಪ್ರತ. ಆಮೇಲೆ, ಅಭ್ಯಾಸದ ಕೈ ಅಭ್ಯಾಸದಂತೆಯೇ ‘ಇಲ್ಲಿ ನಾವಿಬ್ಬರೂ’ ಎಂದು ಬರೆದುಬಿಟ್ಟಿತ್ತು. ಇನ್ನೊಂದು ಕಾರ್ಡನ್ನು ತೆಗೆದುಕೊಳ್ಳದೆ, ‘ನಾ’ ಎಂಬುದನ್ನು ಉಳಿಸಿಕೊಂಡು ಮುಂದಿನ ಮೂರಕ್ಷರಗಳ ಮೇಲೆ ಒಂದು ತೆಳುವಾದ ಗೆರೆಯೆಳೆದು, ಅದರ ನೆತ್ತಿಯ ಮೇಲೆ ‘ನು’ ಎಂದು ತಿದ್ದಿದ್ದರು. ಹೊಡೆದ ಅಕ್ಷರಗಳು ಗೆರೆಯ ಕೆಳಗೆ ಚೆನ್ನಾಗಿಯೇ ಓದಲು ಬರುತ್ತಿದ್ದುವು. ಆಶ್ರಯ ಅಳಿದರೆ ದ್ವಿತ್ವವೂ ಅಳಿಯುವುದೆಂದು ನನಗೆ ಪಾಠ ಹೇಳಿದವರು ಅವರೇ. ಮುಂದಿನ ತಿಂಗಳ ಕಾರ್ಡಿನಲ್ಲಿಯೂ ಅದೇ ಅಕ್ಷರಗಳಿದ್ದುವು, ಅವುಗಳ ಮೇಲೆ ಅದೇ ಗೆರೆ.